ಹೊಸ್ತಿಲಲ್ಲಿ ಹಾಕಿದ ಸಹಿಗೆ ನಾಲ್ಕು ದಿನ ಕೊಡಿ

1974ರಲ್ಲಿ ನನಗೆ ಹನ್ನೆರಡು ವರ್ಷ. ರಾಜಾಜಿನಗರದ ನಮ್ಮ ವಠಾರಕ್ಕೆ ಪ್ರತಿ ಭಾನುವಾರ ಬೆಳಿಗ್ಗೆ ಸೈಕಲ್ ಮೇಲೆ ಒಬ್ಬ ವ್ಯಾಪಾರಿ ಬರುತ್ತಿದ್ದ. ಸ್ಟೀಲ್ ಪಾತ್ರೆ ಕೊಟ್ಟು ವಾರದ ಕಂತಿನಲ್ಲಿ ಹಣ ವಸೂಲು ಮಾಡುವುದು ಅವನ ಕಸುಬು. ‘ಅಕ್ಕಾ, ಪಾತ್ರೆ ಇವತ್ತೇ ಒಳಗಿಟ್ಟುಕೊಳ್ಳಿ, ದುಡ್ಡಿನ ಮಾತು ಆಮೇಲೆ’ ಎನ್ನುತ್ತಿದ್ದ. ಅಮ್ಮ ಕೆಲವು ಡಬರಿ, ತಟ್ಟೆ, ಲೋಟಗಳನ್ನು ಇಪ್ಪತ್ತು ವಾರಗಳ ಕಂತಿಗೆ ಕೊಂಡಳು. ಹದಿನಾರು ಕಂತು ಕಟ್ಟಿದ ಮೇಲೆ ಅಪ್ಪನ ಕಾರ್ಖಾನೆಯಲ್ಲಿ ಕೆಲಸ ನಿಂತಿತು. ಮೂರು ವಾರ ಹಣ ತಪ್ಪಿತು. ನಾಲ್ಕನೆಯ ಭಾನುವಾರ ಆತ ಪಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಟುಹೋದ. ಕಟ್ಟಿದ್ದ ಹಣ ಮರಳಲಿಲ್ಲ. ಹಣ ಹೋದದ್ದಕ್ಕಿಂತ, ವಠಾರದವರೆಲ್ಲ ನಿಂತು ನೋಡಿದರೆಂಬುದು ಅಮ್ಮನನ್ನು ಬಹುಕಾಲ ಕಾಡಿತು.

ಕಂತಿನ ವ್ಯಾಪಾರವೇ ಕೆಟ್ಟದ್ದೆಂದು ನಾನು ಹೇಳಲಾರೆ. ಅದೇ ವಠಾರದಲ್ಲಿ ಒಬ್ಬಾಕೆ ಕಂತಿನಲ್ಲಿ ಹೊಲಿಗೆ ಯಂತ್ರ ಕೊಂಡು ಮಕ್ಕಳನ್ನು ಓದಿಸಿದಳು. ಜಾಮೀನಿಲ್ಲದ ಕಾರ್ಮಿಕನ ಹೆಂಡತಿಗೆ ಬೇರೆ ಯಾರೂ ಸಾಲ ಕೊಡುತ್ತಿರಲಿಲ್ಲ. ಪ್ರಶ್ನೆ ಇರುವುದು ಒಪ್ಪಂದದ ಷರತ್ತುಗಳಲ್ಲಿ ಮತ್ತು ಅದು ನಡೆಯುವ ಸ್ಥಳದಲ್ಲಿ. ಅಂಗಡಿಯಲ್ಲಿ ಬೆಲೆ ಒಗ್ಗದಿದ್ದರೆ ಗಿರಾಕಿ ಎದ್ದು ಬರಬಹುದು. ಮನೆಯೊಳಗೆ ಕುಳಿತು, ಕೊಟ್ಟ ಕಾಫಿ ಕುಡಿದು, ನಗುನಗುತ್ತಾ ಮಾತನಾಡುವವನಿಂದ ಎದ್ದು ಹೋಗುವುದಾದರೂ ಎಲ್ಲಿಗೆ? ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ, ಗ್ರಾಹಕನೆಂದರೆ ಎಲ್ಲವನ್ನೂ ತೂಗಿ ನೋಡಿ ಕೊಳ್ಳುವವನೆಂದು ಓದಿದೆ. ನಮ್ಮ ವಠಾರದಲ್ಲಿ ಅಂಥವರನ್ನು ನಾನು ಕಂಡಿರಲಿಲ್ಲ.

ಈ ದೌರ್ಬಲ್ಯ ನಮ್ಮ ಊರಿಗಷ್ಟೇ ಸೀಮಿತವಲ್ಲ. ಕಂತಿನ ವ್ಯಾಪಾರವನ್ನು ಬಹುಬೇಗ ಮೈಗೂಡಿಸಿಕೊಂಡ ಬ್ರಿಟನ್ನಿನಲ್ಲಿ ಸಂಸದೆ ಎಲೆನ್ ವಿಲ್ಕಿನ್ಸನ್ ಮಂಡಿಸಿದ 1938ರ ಕಾಯ್ದೆಯು, ಬೆಲೆಯ ಮೂರನೇ ಒಂದು ಭಾಗ ಕಟ್ಟಿದ ಮೇಲೆ ನ್ಯಾಯಾಲಯದ ಆದೇಶವಿಲ್ಲದೆ ವಸ್ತುವನ್ನು ಕಸಿದುಕೊಳ್ಳುವುದನ್ನು ತಡೆಯಿತು. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಮನೆಬಾಗಿಲ ಕಂತಿನ ಮಾರಾಟ ಭರದಿಂದ ಬೆಳೆಯಿತು. 1962ರಲ್ಲಿ ಬಂದ ‘ಲಿವ್ ನೌ, ಪೇ ಲೇಟರ್’ ಎಂಬ ಚಲನಚಿತ್ರದ ನಾಯಕ ಇಂಥದೇ ಮಾರಾಟಗಾರ. ಗೃಹಿಣಿಯರನ್ನು ಮಾತಿನಲ್ಲಿ ಮರುಳು ಮಾಡಿ ಸಾಲಕ್ಕೆ ಸರಕು ಹೊರಿಸುವವನು. 1964ರ ಕಾಯ್ದೆಯು ಮನೆಯಲ್ಲಿ ಸಹಿ ಮಾಡಿದ ಕಂತಿನ ಒಪ್ಪಂದವನ್ನು ನಾಲ್ಕು ದಿನಗಳೊಳಗೆ ರದ್ದುಪಡಿಸುವ ಹಕ್ಕನ್ನು ಗ್ರಾಹಕನಿಗೆ ನೀಡಿತು. ವಸ್ತು ಹಿಂದಕ್ಕೆ, ಮುಂಗಡ ಮುಂದಕ್ಕೆ, ಅಷ್ಟೇ.

ನಮ್ಮ ಸಿನಿಮಾ ಮಾರಾಟಗಾರರನ್ನು ಬೇರೆ ಕಣ್ಣಿನಿಂದಲೂ ನೋಡಿದೆ. 1981ರ ಹಿಂದಿ ಚಿತ್ರ ‘ಚಶ್ಮೆ ಬದ್ದೂರ್’ನಲ್ಲಿ ದೀಪ್ತಿ ನವಲ್ ಅವರ ಪಾತ್ರ ಮನೆಮನೆಗೆ ಸೋಪಿನ ಪುಡಿ ಮಾರುತ್ತದೆ. ಬಿಸಿಲಲ್ಲಿ ಬಾಗಿಲು ತಟ್ಟುವ ಆ ಹುಡುಗಿಯ ಮೇಲೆ ಪ್ರೇಕ್ಷಕನಿಗೆ ಅಕ್ಕರೆ ಹುಟ್ಟುತ್ತದೆ. ಎರಡೂ ಚಿತ್ರಗಳು ಸತ್ಯವನ್ನೇ ಹೇಳುತ್ತವೆ. ಕಮಿಷನ್ನಿನ ಮೇಲೆ ಬದುಕುವವನೂ ಯಾರದೋ ಒತ್ತಡದಲ್ಲಿರುತ್ತಾನೆ. ಆದ್ದರಿಂದ ಕಾನೂನು ಹಿಡಿಯಬೇಕಾದದ್ದು ಒಪ್ಪಂದವನ್ನು.

ನಮ್ಮಲ್ಲಿ ಕಾನೂನು ಆಗಿರಲಿಲ್ಲವೇ? ಆಗಿತ್ತು. ಸಂಸತ್ತು 1972ರಲ್ಲಿಯೇ ಹೈರ್-ಪರ್ಚೇಸ್ ಕಾಯ್ದೆಯನ್ನು ಅಂಗೀಕರಿಸಿತು. ನಿಗದಿತ ಪ್ರಮಾಣದ ಹಣ ಕಟ್ಟಿದ ಮೇಲೆ ನ್ಯಾಯಾಲಯಕ್ಕೆ ಹೋಗದೆ ವಸ್ತುವನ್ನು ಹಿಂಪಡೆಯಕೂಡದೆಂಬ ರಕ್ಷಣೆ ಅದರಲ್ಲಿತ್ತು. ಆದರೆ ಅದು ಜಾರಿಗೆ ಬರಲೇ ಇಲ್ಲ, 2005ರಲ್ಲಿ ರದ್ದಾಯಿತು. ಅಮ್ಮನ ಪಾತ್ರೆಗಳು ಚೀಲ ಸೇರಿದ ದಿನ ಆ ಕಾಯ್ದೆ ಕಡತದಲ್ಲಿ ಮಲಗಿತ್ತು. ಸೇವೆಯಲ್ಲಿದ್ದಾಗ ಇಂಥ ದೂರು ತಂದವರಿಗೆ ನಾನೂ ‘ಸಹಿ ಮಾಡಿದ್ದೀರಲ್ಲ’ ಎಂದು ಹೇಳಿ ಕಳುಹಿಸಿದ್ದೇನೆ. ಅದನ್ನು ನೆನೆದರೆ ಇಂದು ಸಂಕೋಚವಾಗುತ್ತದೆ.

ಈಗ ಹೊಸ್ತಿಲು ಮೊಬೈಲಿಗೆ ಸ್ಥಳಾಂತರವಾಗಿದೆ. ಬಸವೇಶ್ವರನಗರದಲ್ಲಿ ನನ್ನ ಪರಿಚಯದ ವೃದ್ಧೆಯೊಬ್ಬರ ಮನೆಗೆ ಬಂದ ಯುವಕ ನೀರು ಶುದ್ಧೀಕರಣ ಯಂತ್ರದ ಪ್ರದರ್ಶನ ನೀಡಿದ. ‘ಆಂಟಿ, ಒಂದು ಓಟಿಪಿ ಹೇಳಿ ಸಾಕು’ ಎಂದ. ಯಂತ್ರ ಗೋಡೆಗೇರಿತು, ಆಕೆಯ ಹೆಸರಿನಲ್ಲಿ ಸಾಲವೂ ಏರಿತು. ರಾತ್ರಿ ಮಗ ಫೋನಿನಲ್ಲಿ ವಿವರಿಸಿದಾಗಲೇ ಅದು ಸಾಲವೆಂದು ಆಕೆಗೆ ತಿಳಿದದ್ದು. ಮರುದಿನ ಮಾರಾಟಗಾರ ‘ಫೈನಾನ್ಸಿನವರನ್ನು ಕೇಳಿ’ ಎಂದ. ಫೈನಾನ್ಸಿನವರು ‘ಅಸಲು ಕಟ್ಟಿ, ಸಾಲ ಮುಗಿಸಿ’ ಎಂದರು. ಅಸಲು ಆಕೆಯ ಕೈಗೆ ಬಂದೇ ಇರಲಿಲ್ಲ. ನೇರವಾಗಿ ಮಾರಾಟಗಾರನನ್ನು ಸೇರಿತ್ತು.

ರಿಸರ್ವ್ ಬ್ಯಾಂಕಿನ 2022ರ ಮಾರ್ಗಸೂಚಿಗಳು ಡಿಜಿಟಲ್ ಸಾಲಕ್ಕೆ ಮರುಚಿಂತನೆಯ ಅವಧಿಯನ್ನು ಕಡ್ಡಾಯಗೊಳಿಸಿದವು. ಏಳು ದಿನ ಅಥವಾ ಹೆಚ್ಚು ಅವಧಿಯ ಸಾಲಕ್ಕೆ ಅದು ಕನಿಷ್ಠ 3 ದಿನ ಇತ್ತು; 2025ರ ನಿರ್ದೇಶನಗಳಲ್ಲಿ ಆ ಕನಿಷ್ಠ ಮಿತಿ 1 ದಿನಕ್ಕೆ ಇಳಿಯಿತು. ಅಸಲು ಮತ್ತು ಆ ದಿನಗಳ ಬಡ್ಡಿ ಕಟ್ಟಿ ಹೊರಬರಬಹುದು. ಆದರೆ ಸಾಲದಿಂದ ಕೊಂಡ ವಸ್ತುವನ್ನು ಮಾರಾಟಗಾರ ಹಿಂಪಡೆಯಬೇಕೆಂದು ಅವು ಹೇಳುವುದಿಲ್ಲ. ನಮ್ಮ ರಾಜ್ಯ 2025ರಲ್ಲಿ ತಂದ ಕಿರುಸಾಲ ಕಾನೂನು ವಸೂಲಿಯ ಕಿರುಕುಳಕ್ಕೆ 10 ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಅದು ಸ್ವಾಗತಾರ್ಹ. ಆದರೆ ಸಾಲ ಅಂಟಿಸುವಾಗಿನ ಒತ್ತಡವನ್ನು ಅದೊಂದರಿಂದಲೇ ತಡೆಯಲಾಗದು.

ಆಗಬೇಕಾದದ್ದು ದೊಡ್ಡದೇನಲ್ಲ. ಮನೆಯಲ್ಲಿ ಅಥವಾ ಫೋನಿನಲ್ಲಿ ಕುದುರಿದ ಯಾವುದೇ ಸಾಲದ ಖರೀದಿಯನ್ನು ನಾಲ್ಕು ದಿನಗಳೊಳಗೆ ಬಿಡುವ ಹಕ್ಕಿರಬೇಕು. ಹಾಗೆ ಬಿಟ್ಟಾಗ ವಸ್ತುವಿನ ಒಪ್ಪಂದ ಮತ್ತು ಸಾಲ ಎರಡೂ ಒಟ್ಟಿಗೆ ರದ್ದಾಗಬೇಕು; ಹಣದ ಲೆಕ್ಕವನ್ನು ಮಾರಾಟಗಾರ ಮತ್ತು ಸಾಲ ಕೊಟ್ಟವರು ತಮ್ಮತಮ್ಮಲ್ಲೇ ತೀರಿಸಿಕೊಳ್ಳಲಿ. ನಗದು ಬೆಲೆ ಎಷ್ಟು, ಕಂತಿನಲ್ಲಿ ಒಟ್ಟು ಕಟ್ಟುವುದೆಷ್ಟು ಎಂಬ ಎರಡು ಅಂಕಿಗಳು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಇರಬೇಕು. ಒಳ್ಳೆಯ ಸರಕು ಮಾರುವವನಿಗೆ ನಾಲ್ಕು ದಿನ ಕಾಯುವುದರಿಂದ ನಷ್ಟವಿಲ್ಲ.

ಆ ವೃದ್ಧೆಯ ಮನೆಯ ಗೋಡೆಯ ಮೇಲೆ ಯಂತ್ರ ಈಗಲೂ ಇದೆ. ಕಂತು ಪ್ರತಿ ತಿಂಗಳ ಐದನೇ ತಾರೀಖು ಅವರ ಪಿಂಚಣಿಯಿಂದ ಕಡಿತವಾಗುತ್ತಿದೆ. ಕುಡಿಯುವ ನೀರನ್ನು ಅವರು ಮೊದಲಿನಂತೆ ಕಾಯಿಸಿಯೇ ಕುಡಿಯುತ್ತಾರೆ.