ಫೋನಿನ ದಾರಿ, ಪುಸ್ತಕದ ದಾರಿ



ಗಾಡಿ ನಡೆಸುವವರಿಗೆಲ್ಲ ಒಂದೊಂದು ಕಿರಿಕಿರಿ ಇರುತ್ತದೆ. ಎದುರಿನವನು ಡಿಪ್ಪರ್ ಹೊಡೆಯದೆ ಕಣ್ಣಿಗೇ ದೀಪ ಬಿಟ್ಟುಕೊಂಡು ಬಂದರೆ ಕೆಲವರಿಗೆ ಸಿಟ್ಟು. ಎಡಗಡೆಯಿಂದ ನುಗ್ಗುವವರನ್ನು ಕಂಡರೆ ಕೆಲವರ ಪಿತ್ತ ನೆತ್ತಿಗೇರುತ್ತದೆ. ನಮ್ಮ ಸೋಲಾಪುರ, ವಿಜಯಪುರದ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ, ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ಹಾಡು ಮಾತ್ರ ಜೋರಾಗಿ ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರು ಎಲ್ಲರಿಗೂ ಕಿರಿಕಿರಿ. ಆದರೆ ನನ್ನ ಮಗನನ್ನು ಕೇಳಿದರೆ ಇವು ಯಾವುದನ್ನೂ ಹೇಳುವುದಿಲ್ಲ. "ಪಕ್ಕದಾಗ ಕುಂತು ದಾರಿ ಹೇಳೋ ನಮ್ಮ ಅಪ್ಪಾರು" ಎನ್ನುತ್ತಾನೆ. ನನ್ನನ್ನು ಕೇಳಿದರೆ, ಫೋನಿನೊಳಗೆ ಕುಳಿತು ದಾರಿ ಹೇಳುವ ಹೆಣ್ಣುಮಗಳು ಎನ್ನುತ್ತೇನೆ. ಒಂದೇ ಗಾಡಿಯಲ್ಲಿ ದಾರಿ ಹೇಳುವವರು ಇಬ್ಬರಾದರೆ ಏನಾಗುತ್ತದೆ ಎಂಬುದನ್ನು ಈ ತಿಂಗಳು ಬರೆಯುತ್ತೇನೆ.

ನಾನು ಚಾದರ, ಟಾವೆಲ್ಲಿನ ವ್ಯಾಪಾರಿ. ಬಸ್ಸಿನ ಮೇಲೆ ಗಂಟು ಹಾಕಿಕೊಂಡು ಹುಬ್ಬಳ್ಳಿ, ದಾವಣಗೆರೆ, ಬಳ್ಳಾರಿ ತಿರುಗಿದವನು. ಮುಂದೆ ಸ್ವಂತ ಗಾಡಿ ಬಂದಾಗ, 1992ರಲ್ಲಿ, ರಸ್ತೆಗಳ ಅಟ್ಲಾಸ್ ಒಂದನ್ನು ಕೊಂಡೆ. ಮಡಿಕೆ ಹರಿದಲ್ಲೆಲ್ಲ ಟೇಪು ಅಂಟಿಸಿ ಇಂದಿಗೂ ಇಟ್ಟಿದ್ದೇನೆ. ಯಾವ ಊರಿನಲ್ಲಿ ಯಾವ ಗಿರಾಕಿ, ಎಲ್ಲಿ ಶುದ್ಧ ಸಸ್ಯಾಹಾರದ ಖಾನಾವಳಿ, ಎಲ್ಲಿ ಬಸದಿ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದೇನೆ. ಅದು ನನಗೆ ಲೆಕ್ಕದ ವಹಿ ಇದ್ದಂತೆ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಜಮಖಂಡಿ ತಾಲೂಕಿನ ನನ್ನ ತಂಗಿಯ ಮನೆಗೆ ಹೊರಟೆವು. ಅವಳ ಮೊಮ್ಮಗನನ್ನು ತೊಟ್ಟಿಲಲ್ಲಿ ಹಾಕುವ ಕಾರ್ಯಕ್ರಮ. ಗಾಡಿಯಲ್ಲಿ ನಾನು, ನಮ್ಮ ಮನೆಯವರು, ಮಗ, ಸೊಸೆ. ನಮ್ಮ ಮನೆಯವರಿಗೆ ರಾತ್ರಿಭೋಜನ ತ್ಯಾಗದ ವ್ರತ. ಸೂರ್ಯ ಮುಳುಗುವುದರೊಳಗೆ ಬಂದು ಊಟ ಮಾಡಬೇಕೆಂದು ತಂಗಿ ಮೂರು ಸಲ ಫೋನ್ ಮಾಡಿದ್ದಳು. ಅಡಿಗೆ ಅಲ್ಲೇ ಆಗಿರುತ್ತದೆಂದು ನಾವು ಡಬ್ಬಿ ಕಟ್ಟಿಕೊಳ್ಳಲಿಲ್ಲ. ಅಂಗಡಿ ಮುಗಿಸಿ ಹೊರಟಾಗ ಮಧ್ಯಾಹ್ನ ಎರಡು ಗಂಟೆ.

ದಾರಿಯಲ್ಲೇ ವಾದ ಶುರುವಾಯಿತು. ನನ್ನ ಅಟ್ಲಾಸಿನಲ್ಲಿ ಸೋಲಾಪುರ-ಬಿಜಾಪುರ ರಸ್ತೆಗೆ ರಾಷ್ಟ್ರೀಯ ಹೆದ್ದಾರಿ 13 ಎಂದಿದೆ. ರಸ್ತೆಯ ಕಲ್ಲಿನ ಮೇಲೆ 52 ಎಂದಿತ್ತು. ಹೆದ್ದಾರಿಗಳ ಸಂಖ್ಯೆಗಳನ್ನು 2010ರಲ್ಲಿ ಬದಲಿಸಿದರು. ಪುಣೆ-ಬೆಂಗಳೂರು ರಸ್ತೆ 4 ಇದ್ದದ್ದು 48 ಆಗಿದೆ. ಬಿಜಾಪುರವೇ 2014ರಲ್ಲಿ ವಿಜಯಪುರವಾಯಿತು. ಪುಸ್ತಕಕ್ಕೆ ಇದೆಲ್ಲ ಹೇಗೆ ಗೊತ್ತಾಗಬೇಕು? ವಿಜಯಪುರ ಹತ್ತಿರವಾದಾಗ ಬೈಪಾಸ್ ಹಿಡಿಯಬೇಕೆಂದು ಫೋನು ಹೇಳಿತು. ನನ್ನ ಪುಸ್ತಕದಲ್ಲಿ ಬೈಪಾಸೇ ಇರಲಿಲ್ಲ. "ನಾ ಹೇಳತೀನಿ, ಊರೊಳಗ ನಡಿ" ಎಂದು ಹಟ ಹಿಡಿದೆ. ಪೇಟೆಯಲ್ಲಿ ಸಿಕ್ಕಿಕೊಂಡು ಮುಕ್ಕಾಲು ತಾಸು ಹೋಯಿತು. ಮಗ ಒಂದು ಮಾತೂ ಆಡಲಿಲ್ಲ. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ನಾನು ಅಟ್ಲಾಸನ್ನು ಮಡಚಿ ಕಾಲ ಬಳಿ ಇಟ್ಟೆ.

ಮುಂದೆ ಸ್ವಲ್ಪ ದೂರ ಹೋದ ಮೇಲೆ ಫೋನು ಹೊಸದೊಂದು ದಾರಿ ತೋರಿಸಿತು. ಹಳ್ಳಿಯ ರಸ್ತೆಯಿಂದ ಹೋಗಿ ಕೃಷ್ಣಾ ನದಿಯ ಬ್ಯಾರೇಜ್ ದಾಟಿದರೆ ಇಪ್ಪತ್ತೈದು ನಿಮಿಷ ಉಳಿಯುತ್ತದೆ. "ಅವ್ವನ ಊಟಕ್ಕ ಮುಟ್ಟತೀವಿ" ಎಂದು ಮಗ ಗಾಡಿ ತಿರುಗಿಸಿದ.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಬ್ಯಾರೇಜುಗಳ ಸಂಗತಿ ನನಗೆ ಚೆನ್ನಾಗಿ ಗೊತ್ತಿತ್ತು. ಮಳೆಗಾಲದಲ್ಲಿ ಅವುಗಳ ಮೇಲೆ ನೀರು ಹರಿಯುತ್ತದೆ. ನಮ್ಮ ಕಡೆ ಒಂದು ಹನಿ ಬೀಳದಿದ್ದರೂ, ಸಹ್ಯಾದ್ರಿಯಲ್ಲಿ ಮಳೆಯಾಗಿ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ. ಇದನ್ನು ಬಸ್ಸಿನಲ್ಲಿ ತಿರುಗುವ ಕಾಲದಲ್ಲೇ ಕಲಿತಿದ್ದೆ. ಆದರೂ ಬಾಯಿ ಬಿಡಲಿಲ್ಲ. ಪೇಟೆಯಲ್ಲಿ ಸೋತವನು ಮತ್ತೆ ಯಾಕೆ ಹೇಳಬೇಕು, ಅವನ ಫೋನೇ ಹೇಳಲಿ ಎಂಬ ಮುನಿಸು.

ಹೊಳೆಯ ದಂಡೆಗೆ ಇಳಿಯುವ ತಿರುವಿನಲ್ಲಿ ಎತ್ತು ಹೊಡೆದುಕೊಂಡು ಬರುತ್ತಿದ್ದ ರೈತನೊಬ್ಬ ಎರಡೂ ಕೈ ಎತ್ತಿ ಗಾಡಿಗೆ ಅಡ್ಡ ನಿಂತ. "ನಿಲ್ರಿ ಸಾವಕಾರ್ರ, ಎಲ್ಲಿಗೆ ಹೊಂಟೀರಿ? ಮುಂಜಾನಿಂದ ಬ್ಯಾರೇಜ ನೀರಾಗ ಐತ್ರಿ." ಇಳಿದು ಹತ್ತು ಹೆಜ್ಜೆ ನಡೆದು ನೋಡಿದೆವು. ಕೆಂಪು ನೀರು. ರಸ್ತೆ ಅದರೊಳಗೇ ಇಳಿದು ಹೋಗಿತ್ತು. ಫೋನಿನಲ್ಲಿ ಮಾತ್ರ ಆ ದಂಡೆಯವರೆಗೂ ನೀಲಿ ಗೆರೆ ನೆಟ್ಟಗಿತ್ತು, "ನೇರ ಹೋಗಿ" ಎನ್ನುತ್ತಿತ್ತು. ಇನ್ನೊಂದು ತಾಸು ತಡವಾಗಿ ಕತ್ತಲಾಗಿದ್ದರೆ, ಆ ರೈತ ಮನೆ ಸೇರಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಿಂದೆ ತಿರುಗಿ ದೊಡ್ಡ ಸೇತುವೆಯ ರಸ್ತೆ ಹಿಡಿದು ತಂಗಿಯ ಮನೆ ಮುಟ್ಟಿದಾಗ ರಾತ್ರಿ ಎಂಟೂವರೆ. ನಮ್ಮ ಮನೆಯವರು ನೀರೂ ಮುಟ್ಟದೆ ಮಲಗಿದರು. ನಾನು ಮುಖ ಬಾಡಿಸಿಕೊಂಡು ಕುಳಿತದ್ದನ್ನು ಕಂಡು, "ಒಂದ ಹೊತ್ತಿನ ಊಟ ಹೋದರ ಏನಾತು? ನಾಲ್ಕ ಜೀವ ಉಳದಾವಲ್ಲ" ಎಂದರು. ಆಗ ಮಗನಿಗೆ ಹೇಳಿದೆ: ನನಗೆ ಗೊತ್ತಿತ್ತಪ್ಪಾ, ಹೇಳಲಿಲ್ಲ. ಅವನು, "ನಾನೂ ನಿಮ್ಮನ್ನ ಕೇಳಬೇಕಾಗಿತ್ತು" ಎಂದ.

ಫೋನು ಹೀಗೇಕೆ ಮಾಡುತ್ತದೆ ಎಂದು ಆಮೇಲೆ ಮಗನಿಂದ ಕೇಳಿ ತಿಳಿದುಕೊಂಡೆ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ತಿರುಗುವ ಅಮೆರಿಕದ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಫೋನು ಹಿಡಿಯುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ನಾವು ಎಲ್ಲಿದ್ದೇವೆ ಎಂಬ ಲೆಕ್ಕ ಬರುತ್ತದೆ. 1983ರಲ್ಲಿ ಕೊರಿಯಾದ ಪ್ರಯಾಣಿಕರ ವಿಮಾನವೊಂದು ದಾರಿ ತಪ್ಪಿ ರಷ್ಯದವರ ಗಡಿಯೊಳಗೆ ಹೋಗಿ, ಅವರು ಅದನ್ನು ಹೊಡೆದುರುಳಿಸಿ 269 ಜನ ಸತ್ತರು. ಆಮೇಲೆ ಅಮೆರಿಕವು ಈ ಸೈನ್ಯದ ವ್ಯವಸ್ಥೆಯನ್ನು ಸಾರ್ವಜನಿಕರಿಗೂ ಕೊಡುವುದಾಗಿ ಸಾರಿತು. ನಮ್ಮ ಇಸ್ರೋ ಕೂಡ 2013ರಿಂದ ಉಪಗ್ರಹಗಳನ್ನು ಹಾರಿಸಿ ನಾವಿಕ್ ಎಂಬ ನಮ್ಮದೇ ವ್ಯವಸ್ಥೆ ಕಟ್ಟಿದೆ. ಆದರೆ ಉಪಗ್ರಹ ಹೇಳುವುದು ನಾವಿರುವ ಜಾಗವನ್ನು ಮಾತ್ರ. ರಸ್ತೆಯ ಗೆರೆ ಎಳೆದವರು ಬೇರೆ. ಎಲ್ಲಿ ಗಾಡಿಗಳು ನಿಂತಿವೆ ಎಂಬುದು ಅಲ್ಲಿ ಓಡಾಡುವವರ ಫೋನುಗಳಿಂದ ತಿಳಿಯುತ್ತದೆ. ಯಾರೂ ಓಡಾಡದ ಹಳ್ಳಿಯ ರಸ್ತೆ ಮುಳುಗಿದರೆ ಯಾರಾದರೂ ತಿಳಿಸುವವರೆಗೆ ಅದಕ್ಕೆ ಗೊತ್ತಾಗುವುದಿಲ್ಲ. ಆ ರೈತನಿಗೆ ಗೊತ್ತಿರುತ್ತದೆ.

ನಮ್ಮಂತೆ ಎಲ್ಲರೂ ಪಾರಾಗುವುದಿಲ್ಲ. 2024ರ ಜೂನ್‌ನಲ್ಲಿ ಕಾಸರಗೋಡು ಜಿಲ್ಲೆಯ ಪಳ್ಳಂಜಿಯಲ್ಲಿ ನಕ್ಷೆ ನೋಡುತ್ತ ನಸುಕಿನಲ್ಲಿ ಹೊರಟಿದ್ದ ಇಬ್ಬರು ಯುವಕರ ಕಾರು ಹೊಳೆಯ ಪಾಲಾಯಿತು. ಅವರು ಮರ ಹಿಡಿದು ನಿಂತು, ಅಗ್ನಿಶಾಮಕದವರು ಬಂದು ಉಳಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ತೀರಿಕೊಂಡರು. ಅಲ್ಲಿ ಅಡ್ಡ ಕಟ್ಟದೆ ಬಿಟ್ಟವರದೂ ತಪ್ಪು.

ಆದ್ದರಿಂದ ನಮ್ಮ ಮನೆಯಲ್ಲಿ ಕೆಲವು ಪದ್ಧತಿ ಮಾಡಿಕೊಂಡಿದ್ದೇವೆ. ಹೊರಡುವ ಮೊದಲು ಹೋಗುವ ಊರಿನವರಿಗೆ ಫೋನ್ ಮಾಡಿ ರಸ್ತೆ ವಿಚಾರಿಸುತ್ತೇವೆ. ದಾರಿಯ ಊರುಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇವೆ. ನೆಟ್‌ವರ್ಕ್ ಸಿಗದ ಕಡೆ ಬೇಕಾಗುತ್ತದೆಂದು ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳುತ್ತೇವೆ. ಫೋನನ್ನು ನೋಡುವವರು ಪಕ್ಕದಲ್ಲಿ ಕುಳಿತವರು, ನಡೆಸುವವನಲ್ಲ. ಮಳೆಗಾಲದಲ್ಲಿ ಬ್ಯಾರೇಜಿನ ದಾರಿ ಬೇಡ. ಫೋನು ಹೆದ್ದಾರಿ ಬಿಡಿಸಿದರೆ ಚಹಾದಂಗಡಿಯ ಮುಂದೆ ನಿಲ್ಲಿಸಿ ಇಬ್ಬರನ್ನು ಕೇಳುತ್ತೇವೆ. ಡಬ್ಬಿಯನ್ನಂತೂ ಕಟ್ಟಿಕೊಂಡೇ ಹೊರಡುತ್ತೇವೆ.

ಅಟ್ಲಾಸ್ ಇನ್ನೂ ಗಾಡಿಯಲ್ಲಿದೆ. ವಿಜಯಪುರದ ಬೈಪಾಸನ್ನು ಅದರಲ್ಲಿ ನಾನೇ ಪೆನ್ಸಿಲಿನಿಂದ ಎಳೆದಿದ್ದೇನೆ. ಆ ಬ್ಯಾರೇಜಿನ ಜಾಗದಲ್ಲಿ "ಮಳೆಗಾಲದಲ್ಲಿ ಬೇಡ" ಎಂದು ಬರೆದದ್ದು ನನ್ನ ಮಗ.