ಅರಮನೆಯ ಸೊಸೆಯರು, ಪತ್ರಿಕೆಗಳ ಸಂತೆ

ಬ್ರಿಟನ್ನಿನ ರಾಜಮನೆತನದ ಹೆಣ್ಣುಮಕ್ಕಳ ಕುರಿತು ಅಲ್ಲಿನ ಟ್ಯಾಬ್ಲಾಯ್ಡ್ ಪತ್ರಿಕೆಗಳು ದಿನಂಪ್ರತಿ ಪುಟಗಟ್ಟಲೆ ಬರೆಯುತ್ತವೆ. ಆ ರಾಶಿಯನ್ನು ಜಾಲಾಡಿದರೆ ಸಿಗುವುದೇನು? ಆಕೆ ತೊಟ್ಟ ಕೋಟು ಯಾವ ಕಂಪೆನಿಯದು, ಬೆಲೆ ಎಷ್ಟು, ಕಳೆದ ವರ್ಷ ತೊಟ್ಟದ್ದನ್ನೇ ಮತ್ತೆ ತೊಟ್ಟಳೇ ಎಂಬ ವಿವರ. ಆಕೆ ಆಸ್ಪತ್ರೆಗೆ ಹೋದರೂ ಅದೇ, ಯುದ್ಧ ಸ್ಮಾರಕಕ್ಕೆ ಹೋದರೂ ಅದೇ. ಪಕ್ಕದಲ್ಲೇ ನಿಂತ ಗಂಡನ ಸೂಟಿನ ಬೆಲೆಯ ಚಿಂತೆ ಹೆಚ್ಚಿನವರಿಗಿಲ್ಲ. ಇದನ್ನು ಪತ್ರಿಕೋದ್ಯಮ ಎನ್ನಬೇಕೇ, ಬಟ್ಟೆಯಂಗಡಿಯ ಜಾಹೀರಾತು ಎನ್ನಬೇಕೇ?

ಜಾಹೀರಾತು ಎಂಬ ಮಾತನ್ನು ನಾವು ಸುಮ್ಮನೆ ಹೇಳುತ್ತಿಲ್ಲ. 2010ರ ನವೆಂಬರಿನಲ್ಲಿ ಕೇಟ್ ಮಿಡ್ಲ್‌ಟನ್ ತನ್ನ ನಿಶ್ಚಿತಾರ್ಥದ ಘೋಷಣೆಗೆ ತೊಟ್ಟ ಇಸ್ಸಾ ಕಂಪೆನಿಯ ನೀಲಿ ಉಡುಪು ನೋಡನೋಡುತ್ತಿದ್ದಂತೆ ಖಾಲಿಯಾಯಿತು. 2011ರ ಮೇ ತಿಂಗಳಲ್ಲಿ ಒಬಾಮಾ ದಂಪತಿಯ ಭೇಟಿಗೆ ಆಕೆ ರೀಸ್ ಕಂಪೆನಿಯ 175 ಪೌಂಡಿನ ಉಡುಪು ಧರಿಸಿದಾಗ ಗಿರಾಕಿಗಳ ನೂಕುನುಗ್ಗಲಿಗೆ ಆ ಕಂಪೆನಿಯ ಜಾಲತಾಣವೇ ಕುಸಿಯಿತು. 2017ರ ಡಿಸೆಂಬರಿನಲ್ಲಿ ಮೇಘನ್ ಮರ್ಕೆಲ್ ಹಿಡಿದಿದ್ದ ಸ್ಟ್ರಾತ್‌ಬೆರಿ ಕೈಚೀಲ 11 ನಿಮಿಷಗಳಲ್ಲಿ ಮಾರಾಟವಾಗಿ ಮುಗಿಯಿತೆಂದು ಪತ್ರಿಕೆಗಳು ಸಂಭ್ರಮಿಸಿದವು. ಇಂಥ ಸುದ್ದಿಯ ಜೊತೆಗೆ ಅದೇ ಉಡುಪನ್ನೋ ಅದರ ಅಗ್ಗದ ನಕಲನ್ನೋ ಕೊಳ್ಳುವ ಕೊಂಡಿಗಳನ್ನು ಪತ್ರಿಕೆಗಳ ಜಾಲತಾಣಗಳೇ ಒದಗಿಸುತ್ತವೆ. ಓದುಗರು ಅದನ್ನೊತ್ತಿ ಖರೀದಿಸಿದರೆ ಕಮಿಷನ್ ಪತ್ರಿಕೆಗೆ. ಹಾಗಾದರೆ ಇಲ್ಲಿ ಮಾರಾಟವಾಗುತ್ತಿರುವುದು ಬರೀ ಬಟ್ಟೆಯೇ?

ಈ ಸಂತೆ ನಮ್ಮ ದೇಶಕ್ಕೂ ಬಂದಿತ್ತು. 2016ರ ಏಪ್ರಿಲಿನಲ್ಲಿ ವಿಲಿಯಂ ಮತ್ತು ಕೇಟ್ ಭಾರತಕ್ಕೆ ಬಂದಾಗ ಮುಂಬೈಯ ಓವಲ್ ಮೈದಾನದಲ್ಲಿ ಆಕೆ ತೊಟ್ಟದ್ದು ಅನಿತಾ ಡೋಂಗ್ರೆ ವಿನ್ಯಾಸದ ಉಡುಪು. ಅಂದೂ ಜಾಲತಾಣ ಕುಸಿಯಿತು. ಮರುದಿನ ದೆಹಲಿಯ ಇಂಡಿಯಾ ಗೇಟಿನಲ್ಲಿ ಮಡಿದ ಸೈನಿಕರಿಗೆ ಪುಷ್ಪಚಕ್ರ ಇಡುವಾಗ ಗಾಳಿಗೆ ಆಕೆಯ ಉಡುಪು ಹಾರಿತು. ಆ ಒಂದು ಕ್ಷಣದ ಚಿತ್ರವನ್ನು ಮರ್ಲಿನ್ ಮನ್ರೋಗೆ ಹೋಲಿಸಿ ಪತ್ರಿಕೆಗಳು ಚಪ್ಪರಿಸಿದವು. ನಮ್ಮಲ್ಲಿನ ಕೆಲವು ಪತ್ರಿಕೆಗಳೂ ಹಿಂದೆ ಬೀಳಲಿಲ್ಲ. ಮಡಿದ ಸೈನಿಕರು ಯಾರಿಗೆ ನೆನಪಿದ್ದರು?

ಸಂತೆಯಲ್ಲಿ ಎಲ್ಲ ಸರಕಿಗೂ ಒಂದೇ ಬೆಲೆ ಇರುವುದಿಲ್ಲ. ಮೇಘನ್ ಅರಮನೆಗೆ ಕಾಲಿಟ್ಟ ಮೇಲೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ಟ್ಯಾಬ್ಲಾಯ್ಡುಗಳು ಅಕ್ಷರಶಃ ಪಾಲಿಸಿದವು. ಬಸುರಿ ಕೇಟ್ 2018ರಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟರೆ ಅದು ತಾಯಿಯ ವಾತ್ಸಲ್ಯ. ಮರು ವರ್ಷ ಬಸುರಿ ಮೇಘನ್ ಹಾಗೆಯೇ ಕೈಯಿಟ್ಟರೆ ಅದು ಅಹಂಕಾರವೋ ನಟನೆಯೋ ಎಂಬ ಚರ್ಚೆ. ಬಸಿರಿನ ವಾಕರಿಕೆಗೆ ಕೇಟ್‌ಗೆ ಅವಕಾಡೊ ಹಣ್ಣು ಮದ್ದಾಗಬಹುದೆಂದು ಬರೆದ ಲೋಕಕ್ಕೆ, ಮೇಘನ್ ಇಷ್ಟಪಟ್ಟಾಗ ಅದೇ ಹಣ್ಣಿನಲ್ಲಿ ಬರಗಾಲ ಮತ್ತು ಕೊಲೆಯ ವಾಸನೆ ಬಡಿಯಿತು. ಆಕೆ ತನ್ನ ಕಾರಿನ ಬಾಗಿಲನ್ನು ತಾನೇ ಮುಚ್ಚಿದ್ದೂ ಸುದ್ದಿ, ಉಗುರಿಗೆ ಗಾಢ ಬಣ್ಣ ಹಚ್ಚಿದ್ದೂ ಸುದ್ದಿ.

ಈ ವ್ಯತ್ಯಾಸಕ್ಕೆ ಕಾರಣವೇನು? ಮೇಘನ್ ಅಮೆರಿಕದವಳು, ವಿಚ್ಛೇದಿತೆ, ನಟಿ; ಎಲ್ಲಕ್ಕಿಂತ ಮಿಗಿಲಾಗಿ ಆಕೆಯ ತಾಯಿ ಕಪ್ಪು ಜನಾಂಗದವರು. ಮದುವೆಗೆ ಮೊದಲೇ, 2016ರ ನವೆಂಬರಿನಲ್ಲಿ, ಲೇಖನಗಳಲ್ಲಿನ ಜನಾಂಗೀಯ ಧ್ವನಿಯನ್ನು ಖಂಡಿಸಿ ಹ್ಯಾರಿಯ ಕಚೇರಿ ಹೇಳಿಕೆ ನೀಡಬೇಕಾಯಿತು. 2019ರ ಅಕ್ಟೋಬರಿನಲ್ಲಿ 72 ಮಂದಿ ಸಂಸದೆಯರು ಪಕ್ಷಭೇದ ಮರೆತು, ಇಂಥ ಬರಹಗಳಲ್ಲಿ ವಸಾಹತು ಕಾಲದ ಛಾಯೆಯಿದೆ ಎಂದು ಬಹಿರಂಗ ಪತ್ರ ಬರೆದರು. 2022ರ ಡಿಸೆಂಬರಿನಲ್ಲಿ 'ದಿ ಸನ್' ಪತ್ರಿಕೆಯಲ್ಲಿ ಜೆರೆಮಿ ಕ್ಲಾರ್ಕ್‌ಸನ್ ಬರೆದ ಅಂಕಣದ ವಿರುದ್ಧ 25,000ಕ್ಕೂ ಹೆಚ್ಚು ದೂರುಗಳು ಬಂದವು. ಪತ್ರಿಕಾ ನಿಯಂತ್ರಣ ಸಂಸ್ಥೆ 2023ರಲ್ಲಿ ಅದನ್ನು ಹೆಣ್ಣಿಗೆ ಎಸಗಿದ ತಾರತಮ್ಯವೆಂದು ಒಪ್ಪಿತು. ಜನಾಂಗೀಯ ತಾರತಮ್ಯದ ದೂರನ್ನು ಮಾತ್ರ ಎತ್ತಿಹಿಡಿಯಲಿಲ್ಲ.

ಹಾಗೆಂದು ಬೆಣ್ಣೆ ಪಡೆದವಳು ಸುಖಿಯೇ? ಇಂದು ಕೇಟ್‌ಳನ್ನು ಹೊಗಳುವ ಈ ಪತ್ರಿಕಾ ಲೋಕವೇ ಮದುವೆಗೆ ಮುಂಚೆ ಆಕೆಯನ್ನು ರಾಜಕುಮಾರನಿಗಾಗಿ ಕಾದು ಕುಳಿತವಳೆಂದು ಗೇಲಿ ಮಾಡಿತ್ತು. ತಾಯಿ ಗಗನಸಖಿಯಾಗಿದ್ದುದನ್ನೂ ಆಡಿಕೊಂಡಿತ್ತು. 'ನ್ಯೂಸ್ ಆಫ್ ದಿ ವರ್ಲ್ಡ್'ನ ರಾಜಮನೆತನದ ವರದಿಗಾರ ತಾನು ಆಕೆಯ ಫೋನ್ ಸಂದೇಶಗಳಿಗೆ 155 ಸಲ ಕನ್ನ ಹಾಕಿದ್ದಾಗಿ 2014ರಲ್ಲಿ ನ್ಯಾಯಾಲಯದಲ್ಲೇ ಒಪ್ಪಿಕೊಂಡ. 2012ರಲ್ಲಿ ಫ್ರಾನ್ಸಿನ 'ಕ್ಲೋಸರ್' ಪತ್ರಿಕೆ ಆಕೆಯ ಖಾಸಗಿ ಚಿತ್ರಗಳನ್ನು ಅಚ್ಚು ಹಾಕಿತು. ಪರಿಹಾರದ ತೀರ್ಪು ಬರಲು 2017 ಆಗಬೇಕಾಯಿತು. 2024ರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಆಕೆ ಹೊರಗೆ ಕಾಣಿಸದೇ ಹೋದಾಗ ವದಂತಿಗಳ ಮಹಾಪೂರವೇ ಹರಿಯಿತು. ಕೊನೆಗೆ ಮಾರ್ಚ್ 22ರಂದು ಆಕೆ ಕ್ಯಾಮರಾದ ಮುಂದೆ ಕುಳಿತು ತನಗೆ ಕ್ಯಾನ್ಸರ್ ಎಂದು ಜಗತ್ತಿಗೆ ಹೇಳಬೇಕಾಯಿತು.

ಡಯಾನಾಳ ಕಥೆ ಎಲ್ಲರಿಗೂ ತಿಳಿದದ್ದೇ. ಆಕೆಯ ಉಡುಪುಗಳನ್ನು ಆರಾಧಿಸಿದ ಕ್ಯಾಮರಾಗಳೇ 1997ರ ಆಗಸ್ಟಿನ ಆ ರಾತ್ರಿ ಪ್ಯಾರಿಸಿನಲ್ಲಿ ಆಕೆಯನ್ನು ಅಟ್ಟಿಸಿಕೊಂಡು ಹೋದವು. ಚಾಲಕನ ಜೊತೆಗೆ ಬೆನ್ನಟ್ಟಿದ ವಾಹನಗಳ ಘೋರ ನಿರ್ಲಕ್ಷ್ಯವೂ ಸಾವಿಗೆ ಕಾರಣವೆಂದು 2008ರಲ್ಲಿ ಜ್ಯೂರಿ ತೀರ್ಮಾನಿಸಿತು.

ಆದ್ದರಿಂದ ಹೊಗಳಿಕೆ ಬೇರೆ, ತೆಗಳಿಕೆ ಬೇರೆ ಎಂದು ನಾವು ತಿಳಿಯಬಾರದು. ಎರಡೂ ಒಂದೇ ತಕ್ಕಡಿಯ ತಟ್ಟೆಗಳು. ಒಬ್ಬಳನ್ನು ಒಳ್ಳೆಯ ಸೊಸೆ ಮಾಡಬೇಕಾದರೆ ಇನ್ನೊಬ್ಬಳು ಕೆಟ್ಟ ಸೊಸೆಯಾಗಲೇಬೇಕು. ಜಗಳ ನಿಂತರೆ ಮಾರಾಟವೂ ನಿಲ್ಲುತ್ತದೆ. ಯಾರಿಗೆ ಯಾವ ಪಾತ್ರ ಎಂಬುದನ್ನು ಚರ್ಮದ ಬಣ್ಣ, ಹುಟ್ಟಿದ ಮನೆ, ಬಾಯಿ ಮುಚ್ಚಿಕೊಂಡಿರುವ ಗುಣ ನಿರ್ಧರಿಸುತ್ತವೆ. 2013ರಲ್ಲಿ ಕಾದಂಬರಿಗಾರ್ತಿ ಹಿಲರಿ ಮ್ಯಾಂಟೆಲ್ ರಾಜಮನೆತನದ ಹೆಣ್ಣನ್ನು ಬಟ್ಟೆ ತೊಡಿಸುವ ಗೊಂಬೆಯಾಗಿಸುವ ನೋಟವನ್ನೇ ವಿಮರ್ಶಿಸಿ ಉಪನ್ಯಾಸ ಮಾಡಿದರು. ಟ್ಯಾಬ್ಲಾಯ್ಡುಗಳು ಅದನ್ನು ತಿರುಚಿ ಕೇಟ್ ಮೇಲಿನ ದಾಳಿ ಎಂದವು. ಭಾರತ ಪ್ರವಾಸದಲ್ಲಿದ್ದ ಪ್ರಧಾನಿ ಡೇವಿಡ್ ಕ್ಯಾಮರೂನ್ ಕೂಡ ಇಲ್ಲಿಂದಲೇ ಮ್ಯಾಂಟೆಲ್‌ರನ್ನು ಖಂಡಿಸಿದರು! ಕನ್ನಡಿ ಹಿಡಿದವಳೇ ಅಪರಾಧಿಯಾದಳು.

ಜನರ ತೆರಿಗೆಯಲ್ಲಿ ಬದುಕುವವರನ್ನು ಪ್ರಶ್ನಿಸಬಾರದೇ ಎಂದು ಕೆಲವರು ಕೇಳಬಹುದು. ಖಂಡಿತ ಪ್ರಶ್ನಿಸಬೇಕು. ಅರಮನೆಗೆ ಸಲ್ಲುವ ಹಣ, ಅದರ ಆಸ್ತಿ, ಗುಟ್ಟಾಗಿ ನಡೆಸುವ ಪ್ರಭಾವ ಎಲ್ಲವೂ ಪ್ರಶ್ನಾರ್ಹ. ಆದರೆ ಬಸುರಿಯ ಕೈ ಎಲ್ಲಿತ್ತೆಂದು ಕೇಳುವುದು ಯಾವ ಸೀಮೆಯ ಲೆಕ್ಕಪರಿಶೋಧನೆ? ಉಡುಪಿನ ಪುಟಗಳು ಹೆಚ್ಚಿದಷ್ಟೂ ನಿಜವಾದ ಪ್ರಶ್ನೆಗಳಿಗೆ ಜಾಗ ಕಡಿಮೆಯಾಗುತ್ತದೆ. ಅರಮನೆಗೂ ಇದು ಅನುಕೂಲವೇ. ವರ್ಷಗಟ್ಟಲೆ ಉಡುಪಿನ ವಿವರಗಳನ್ನು ಪತ್ರಕರ್ತರಿಗೆ ಒದಗಿಸಿದ್ದೂ ಅರಮನೆಯೇ. ಇನ್ನು ಮುಂದೆ ಹಾಗೆ ಒದಗಿಸುವುದಿಲ್ಲ, ಆಕೆಯ ಕೆಲಸದತ್ತ ಗಮನ ಹರಿಯಲಿ ಎಂಬ ವರದಿ 2025ರ ಫೆಬ್ರವರಿಯಲ್ಲಿ ಬಂತು. ಗದ್ದಲವೆದ್ದಿತು. ಆ ಮಾತು ರಾಜಕುಮಾರಿಯದಲ್ಲ ಎಂಬ ಸಮಜಾಯಿಷಿಯೂ ಬೆನ್ನಿಗೇ ಬಂತು. ಕೆಲಸವನ್ನು ನೋಡಿ ಎನ್ನುವುದಕ್ಕೂ ಇಷ್ಟು ಅಂಜಿಕೆ!

ಹೆಣ್ಣನ್ನು ಮೊದಲು ಗೊಂಬೆಯಾಗಿಸಿ, ಬಳಿಕ ಗೊಂಬೆಗಳ ನಡುವೆ ಜಗಳ ಹಚ್ಚುವ ಈ ವ್ಯಾಪಾರ ನಡೆಯುವುದು ಓದುಗರ ಕಾಸಿನಿಂದ. ಇಬ್ಬರು ಸೊಸೆಯರ ಪೈಕಿ ಯಾರ ಪಕ್ಷ ಎಂದು ಪತ್ರಿಕೆ ನಮ್ಮನ್ನು ಕೇಳಿದಾಗ, ನೀನು ಯಾರ ಪಕ್ಷ ಎಂದು ನಾವು ಪತ್ರಿಕೆಯನ್ನೇ ತಿರುಗಿ ಕೇಳೋಣ. ಅದು ಇಬ್ಬರ ಪಕ್ಷವೂ ಅಲ್ಲ; ಗಲ್ಲಾಪೆಟ್ಟಿಗೆಯ ಪಕ್ಷ.