ಮೊದಲು ಎಸ್ಕೇಪ್ ಒತ್ತು!

ರಾತ್ರಿ ಹನ್ನೊಂದು. ಮುಂಡಗೋಡದ ನಮ್ಮನೆಯಲ್ಲಿ ಎಲ್ಲರೂ ಮಲಗಿದ್ರು. ಕಸ್ಟಮರ್ ವೆಬ್‌ಸೈಟಿಗೆ ಯಾವುದೋ ಬಾಟ್ ಕಾಟ ಕೊಡ್ತಿತ್ತು. ಸರ್ವರಿನ ಒಂದು ಫೈಲಿಗೆ ಒಂದೇ ಸಾಲು ಸೇರಿಸಬೇಕಿತ್ತು: ‘ಡಿನೈ’, ಮುಂದೆ ಆ ಬಾಟ್‌ನ ಐಪಿ ವಿಳಾಸ. ಅಷ್ಟೇ.

ಫೈಲು ತೆರೆದುಕೊಂಡಿದ್ದು ವಿಮ್ ಎಡಿಟರಿನಲ್ಲಿ. ಮೆನು ಇಲ್ಲ, ಸೇವ್ ಬಟನ್ ಇಲ್ಲ. ಟೈಪ್ ಮಾಡಿದ್ರೆ ಅಕ್ಷರ ಮೂಡೋ ಬದಲು ಇದ್ದ ಸಾಲುಗಳೇ ಮಾಯ! ನಾನಿನ್ನೂ ಪ್ರೊಬೇಷನ್ನಿನಲ್ಲಿರೋನು. ಕೈಕಾಲು ತಣ್ಣಗಾಯ್ತು.

ಪಿಯುಸಿ ಗೆಳೆಯನೊಬ್ಬ ಲೋಸರ್ ಹಬ್ಬಕ್ಕೆ ಬೆಂಗಳೂರಿಂದ ಟಿಬೆಟನ್ ಕಾಲೊನಿಗೆ ಬಂದಿದ್ದ. ಅವನಿಗೆ ಫೋನ್ ಹಚ್ಚಿದೆ.

“ಲೇ, ಮೊದಲ ಕೈ ತಗಿ. ಎಸ್ಕೇಪ್ ಒತ್ತು. ಈಗ ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ, ಎಂಟರ್. ಹೊರಗ ಬಂದಿ? ಸೇವ್ ಮಾಡಿಲ್ಲಲಾ? ಹಂಗಾರ ಫೈಲಿಗೆ ಏನೂ ಆಗಿಲ್ಲ, ಹೆದರಬ್ಯಾಡ.”

ಆಮೇಲೆ ಅವನೇ ಒಂದೊಂದು ಕೀ ಹೇಳಿ ಆ ಸಾಲು ಬರೆಸಿದ. ಸೈಟ್ ಉಳೀತು, ನಾನೂ ಉಳಿದೆ.

ಮಾರನೇ ದಿನ ಬೈಕ್ ಹತ್ತಿ ಕಾಲೊನಿಗೆ ಹೋದೆ. 1966ರಲ್ಲಿ ಶುರುವಾದ ಊರು ಅದು. ಥುಕ್ಪಾ ಮುಂದಿಟ್ಟುಕೊಂಡು ಅವನು ಕೇಳಿದ, “ಡ್ರೆಪುಂಗ್ ಮಠದಾಗ ಲಾಮಾಗಳ ವಾದ ನೋಡೀಯಲ್ಲ? ನಿಂತವರು ಚಪ್ಪಾಳೆ ಹೊಡದು ಪ್ರಶ್ನೆ ಕೇಳ್ತಾರ, ಕೂತವರು ಉತ್ತರ ಹೇಳ್ತಾರ. ಎದ್ದು ನಿಂತರ ಅವರ ಕೆಲಸಾನ ಬ್ಯಾರೆ. ವಿಮ್‌ನಾಗೂ ಹಂಗ. ನೀ ಯಾವ ಜಾಗದಾಗ ಅದೀ ಅನ್ನೋದು ಮೊದಲ ಗೊತ್ತಿರಬೇಕು.”

ವಿಮ್ ತೆರೆದಾಗ ನಾವಿರೋದು ‘ನಾರ್ಮಲ್ ಮೋಡ್’ನಲ್ಲಿ. ಅಲ್ಲಿ ಪ್ರತಿ ಕೀ ಒಂದು ಆಜ್ಞೆ. ಡಿ, ಇ ಒತ್ತಿದ್ರೆ ‘ಪದದ ಕೊನೆವರೆಗೆ ಅಳಿಸು’. ಚುಕ್ಕಿ ಒತ್ತಿದ್ರೆ ‘ಈಗ ಮಾಡಿದ್ದನ್ನೇ ಮತ್ತೆ ಮಾಡು’. ಚುಕ್ಕಿಗೆ ಮುಂಚೆ ಅಂಕಿ ಕೊಟ್ರೆ ‘ಇಷ್ಟು ಪದ’. ನಾನು ಡಿನೈ ಅಂತ ಹೊಡೆದು, ಚುಕ್ಕಿ ಚುಕ್ಕಿಯ ಐಪಿ ವಿಳಾಸ ಬೇರೆ ಹೊಡೆದಿದ್ದೆ. ಪಾಪ, ಅದು ಹೇಳಿದ್ದನ್ನೇ ಮಾಡಿದೆ!

ಕಲಿಯೋಕೆ ಏಳು ಸಾಕು:
ಐ: ಬರೆಯೋಕೆ ಶುರು.
ಎಸ್ಕೇಪ್: ವಾಪಸ್ ನಾರ್ಮಲ್ ಮೋಡಿಗೆ.
ಎಕ್ಸ್: ಒಂದು ಅಕ್ಷರ ಅಳಿಸು.
ಡಿ ಎರಡು ಸಲ: ಇಡೀ ಸಾಲು ಅಳಿಸು.
ಯು: ಮಾಡಿದ ತಪ್ಪು ರದ್ದು.
ಕೋಲನ್ ಡಬ್ಲ್ಯೂ ಕ್ಯೂ: ಸೇವ್ ಮಾಡಿ ಹೊರಗೆ.
ಕೋಲನ್ ಕ್ಯೂ ಆಶ್ಚರ್ಯಸೂಚಕ: ಸೇವ್ ಮಾಡದೆ ಹೊರಗೆ.

“ಇಷ್ಟೆಲ್ಲ ಕಷ್ಟ ಯಾಕೋ?” ಅಂದೆ. ಇದರ ಹಿರಿಯಣ್ಣ ‘ವಿಐ’ಯನ್ನು ಬಿಲ್ ಜಾಯ್ 1976ರಲ್ಲಿ ಬರ್ಕ್ಲಿಯಲ್ಲಿ ಬರೆದಾಗ ಅವರ ಹತ್ತಿರ ಇದ್ದದ್ದು 300 ಬಾಡ್ ಮೋಡೆಮ್. ಸೆಕೆಂಡಿಗೆ ಸುಮಾರು 30 ಅಕ್ಷರ ಬಂದ್ರೆ ಹೆಚ್ಚು. ಅದಕ್ಕೇ ಕಡಿಮೆ ಕೀಯಲ್ಲಿ ಹೆಚ್ಚು ಕೆಲಸ. ನಮ್ಮೂರಲ್ಲಿ ಮಳೆ ಬಂದಾಗಿನ ಹಾಟ್‌ಸ್ಪಾಟಿಗೆ ಹೇಳಿ ಮಾಡಿಸಿದಂಗಿದೆ!

ಬ್ರಾಮ್ ಮೊಲೆನಾರ್ ಅದನ್ನೇ ಬೆಳೆಸಿ 1991ರಲ್ಲಿ ವಿಮ್ ಕೊಟ್ರು, ಅದೂ ಪುಕ್ಕಟೆ. ಇಷ್ಟ ಆದ್ರೆ ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿ ಅಂತ ಮಾತ್ರ ಕೇಳಿಕೊಂಡ್ರು. 2023ರಲ್ಲಿ ತೀರಿಕೊಂಡ್ರು. ಖಾಲಿ ವಿಮ್ ತೆರೆದ್ರೆ ಆ ಮಕ್ಕಳ ಸಾಲು ಈಗಲೂ ಕಾಣುತ್ತೆ. ಅದನ್ನು ತೋರಿಸಿ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಾದ. “ನಮ್ಮ ಅಜ್ಜ ಇಲ್ಲಿಗೆ ಬಂದಾಗ ಯಾರ್ಯಾರೋ ಹಿಂಗ ಕೈ ಹಿಡದಿದ್ರು” ಅಂದ.

ನೀವೂ ಕಲೀಬೇಕಾ? ಲಿನಕ್ಸ್ ಅಥವಾ ಮ್ಯಾಕ್ ಟರ್ಮಿನಲ್ಲಿನಲ್ಲಿ ‘ವಿಮ್‌ಟ್ಯೂಟರ್’ ಅಂತ ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಹೊಡೀರಿ. ಅರ್ಧ ಗಂಟೆಯ ಪಾಠ, ಅಭ್ಯಾಸದ ಫೈಲೂ ಅದರದ್ದೇ. ಎಷ್ಟು ಕೆಡಿಸಿದ್ರೂ ಯಾರೂ ಬೈಯಲ್ಲ. ನನ್ನ ಹಾಗೆ ಮೊದಲ ಪಾಠ ಕಸ್ಟಮರ್ ಸರ್ವರ್ ಮೇಲೆ ಮಾತ್ರ ಬೇಡ.

ಗಾಬರಿ ಆದ್ರೆ ಗೊತ್ತಲ್ಲ? ಮೊದಲು ಕೈ ತೆಗೀರಿ. ಆಮೇಲೆ ಎಸ್ಕೇಪ್.